ಮೊಬೈಲ್ ಆ್ಯಪ್ ಪರವಾನಗಿ ಮತ್ತು ಉಪಕರಣದ ಗುರುತು

ಹಣ ಪಾವತಿಸಿ ಪಡೆದ ನಿಘಂಟಿನ ಆ್ಯಪ್ ಅಥವಾ ಮಕ್ಕಳ ಪಾಠದ ಆ್ಯಪ್, ಹೊಸ ಮೊಬೈಲ್ ಕೊಂಡ ಕೂಡಲೇ ಪುನಃ ಹಣ ಕೇಳುವುದುಂಟು. ಗ್ರಾಹಕರಿಗೆ ಇದು ಅನ್ಯಾಯವೆನಿಸುತ್ತದೆ. ಆದರೆ ಒಂದೇ ಪರವಾನಗಿಯನ್ನು ಹತ್ತಾರು ಮಂದಿ ಬಳಸಿದಲ್ಲಿ ತಯಾರಕರಿಗೂ ನಷ್ಟವೇ. ಆದುದರಿಂದ ಪರವಾನಗಿಯನ್ನು ಒಂದು ನಿರ್ದಿಷ್ಟ ಉಪಕರಣಕ್ಕೆ ಜೋಡಿಸುವ ಪದ್ಧತಿ ಬೆಳೆಯಿತು. ಇದಕ್ಕೆ ಎಂದಿಗೂ ಬದಲಾಗದ, ಬೇರೆ ಯಾವ ಉಪಕರಣಕ್ಕೂ ಇರದ ಒಂದು ಗುರುತು ಅವಶ್ಯಕ. ಅಂತಹ ಗುರುತು ದೊರೆಯುವುದೇ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಐಎಂಇಐ ಸಂಖ್ಯೆ

ಪ್ರತಿಯೊಂದು ಮೊಬೈಲ್ ದೂರವಾಣಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಮೊದಲ 8 ಅಂಕಿಗಳು ಮಾದರಿಯನ್ನೂ ಮುಂದಿನ 6 ಅಂಕಿಗಳು ಆ ಮಾದರಿಯ ನಿರ್ದಿಷ್ಟ ಉಪಕರಣವನ್ನೂ ಸೂಚಿಸುತ್ತವೆ. ಕೊನೆಯದು ತಾಳೆ ನೋಡುವ ಅಂಕಿ. *#06# ಒತ್ತಿದರೆ ಈ ಸಂಖ್ಯೆಯು ಪರದೆಯ ಮೇಲೆ ಕಾಣುತ್ತದೆ. ಆದರೆ ಎರಡು ಸಿಮ್‌ಗಳ ದೂರವಾಣಿಗೆ ಎರಡು ಸಂಖ್ಯೆಗಳಿರುತ್ತವೆ. ಸಿಮ್ ಇಲ್ಲದ ಟ್ಯಾಬ್ಲೆಟ್‌ಗೆ ಇದು ಇರುವುದೇ ಇಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳು ಈ ಸಂಖ್ಯೆಯನ್ನು ಓದದಂತೆ ನಿರ್ಬಂಧಿಸಲಾಗಿದೆ.

ಇತರ ಗುರುತುಗಳು

ಆಂಡ್ರಾಯ್ಡ್ ವ್ಯವಸ್ಥೆಯು ತಾನೇ ನೀಡುವ ಗುರುತು, ಉಪಕರಣವನ್ನು ಮೂಲಸ್ಥಿತಿಗೆ ಮರಳಿಸಿದಾಗ ಬದಲಾಗುತ್ತದೆ. ಆಂಡ್ರಾಯ್ಡ್ 2.2ರ ಕಾಲದಲ್ಲಿ ದೋಷವೊಂದರಿಂದಾಗಿ ಅನೇಕ ದೂರವಾಣಿಗಳು ಒಂದೇ ಗುರುತನ್ನು ತೋರಿಸಿದ್ದವು. 2017ರ ಆಂಡ್ರಾಯ್ಡ್ 8ರಿಂದ, ಒಂದೇ ಉಪಕರಣದಲ್ಲಿ ಬೇರೆ ಬೇರೆ ತಯಾರಕರ ಆ್ಯಪ್‌ಗಳಿಗೆ ಬೇರೆ ಬೇರೆ ಗುರುತು ದೊರೆಯುತ್ತದೆ. ಆಪಲ್ ಸಂಸ್ಥೆಯು ಯುಡಿಐಡಿ ಎಂಬ ಶಾಶ್ವತ ಗುರುತಿನ ಬಳಕೆಯನ್ನು 2013ರಲ್ಲಿ ನಿಲ್ಲಿಸಿತು. ಅದೇ ವರ್ಷದ ಐಓಎಸ್ 7ರಲ್ಲಿ ವೈಫೈ ವಿಳಾಸವೂ ಆ್ಯಪ್‌ಗಳಿಗೆ ಮರೆಯಾಯಿತು.

ನಿರ್ಬಂಧದ ಕಾರಣ

ಶಾಶ್ವತ ಸಂಖ್ಯೆಯೊಂದು ಎಲ್ಲ ಆ್ಯಪ್‌ಗಳಿಗೂ ಸಿಕ್ಕಿದರೆ, ಅವುಗಳಲ್ಲಿ ಚದುರಿರುವ ಒಬ್ಬ ವ್ಯಕ್ತಿಯ ವಿವರಗಳನ್ನು ಅವರ ಅರಿವಿಗೆ ಬಾರದಂತೆ ಒಟ್ಟುಗೂಡಿಸಬಹುದು. ದೂರವಾಣಿಯನ್ನು ಮಾರಿದ ಮೇಲೂ ಆ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಸಮ್ಮತಿ ಪಡೆದಾಗಲೂ ಉದ್ದೇಶಕ್ಕೆ ಅವಶ್ಯವಿರುವಷ್ಟೇ ಮಾಹಿತಿ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯ.

ಯುಕ್ತ ಮಾರ್ಗ

ಆದುದರಿಂದ ಪರವಾನಗಿಯನ್ನು ಯಂತ್ರಕ್ಕಲ್ಲ, ಗ್ರಾಹಕರ ಖಾತೆಗೆ ಜೋಡಿಸುವುದು ಸೂಕ್ತ. ಆ್ಯಪ್ ಮೊದಲ ಬಾರಿ ತೆರೆದಾಗ ತಯಾರಕರ ಸರ್ವರ್ ಯಾದೃಚ್ಛಿಕ ಸಂಖ್ಯೆಯೊಂದನ್ನು ನೀಡಿ, ಆ ಖಾತೆಯಡಿ ದಾಖಲಿಸುತ್ತದೆ. ಖಾತೆಯೊಂದಕ್ಕೆ ಎರಡು ಅಥವಾ ಮೂರು ಉಪಕರಣಗಳೆಂದು ಮಿತಿ ಹಾಕಿ, ಹಳೆಯದನ್ನು ತೆಗೆದು ಹೊಸದನ್ನು ಸೇರಿಸಲು ಅವಕಾಶವಿತ್ತರೆ, ಉಭಯರ ಹಿತವೂ ಉಳಿಯುತ್ತದೆ.

ಗ್ರಾಹಕರು ಗಮನಿಸಬೇಕಾದ ಅಂಶಗಳು

1. ಆ್ಯಪ್ ಖರೀದಿಸಿದ ಖಾತೆಯ ಹೆಸರು, ಗುಪ್ತಪದ ಹಾಗೂ ರಸೀದಿಯನ್ನು ಜೋಪಾನವಾಗಿರಿಸಬೇಕು.

2. ಹೊಸ ಉಪಕರಣದಲ್ಲಿ ಅದೇ ಖಾತೆಯನ್ನು ತೆರೆದು, ಹಿಂದಿನ ಖರೀದಿಯನ್ನು ಮರಳಿ ಪಡೆಯುವ ಆಯ್ಕೆಯನ್ನು ಮೊದಲು ಪರೀಕ್ಷಿಸಬೇಕು.

3. ಹಳೆಯ ಉಪಕರಣವನ್ನು ಮಾರುವ ಮುನ್ನ ಅದರಿಂದ ಖಾತೆಯನ್ನು ತೆಗೆದುಹಾಕಬೇಕು.

4. ಐಎಂಇಐ ಸಂಖ್ಯೆಯನ್ನು ಕೇಳಿದವರಿಗೆಲ್ಲ ನೀಡಬಾರದು, ಆದರೆ ಬರೆದಿಟ್ಟುಕೊಂಡಿರಬೇಕು. ದೂರವಾಣಿ ಕಳೆದುಹೋದಲ್ಲಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೇವೆಯ ಮೂಲಕ ಅದರ ಬಳಕೆಯನ್ನು ತಡೆಹಿಡಿಸಲು ಅದೇ ಸಂಖ್ಯೆ ಬೇಕಾಗುತ್ತದೆ.