ಬಾಲ್ಯದ ಲ್ಯುಕೇಮಿಯಾ ಮರುಕಳಿಕೆಯ ಜೈವಿಕ ಸೂಚಕಗಳು

ಚಿಕಿತ್ಸೆಯಿಂದ ಶಮನಗೊಂಡ ರಕ್ತದ ಕ್ಯಾನ್ಸರ್ ಮಗುವಿನಲ್ಲಿ ಮತ್ತೆ ತಲೆದೋರುವ ಸಾಧ್ಯತೆಯನ್ನು ಅಂದಾಜಿಸಲು ನೆರವಾಗುವ ಜೀವಕೋಶ, ವರ್ಣತಂತು ಹಾಗೂ ವಂಶವಾಹಿಗಳ ಲಕ್ಷಣಗಳನ್ನು ಮರುಕಳಿಕೆಯ ಜೈವಿಕ ಸೂಚಕಗಳು ಎನ್ನುತ್ತಾರೆ. ಇವುಗಳ ಬಳಕೆ ಹೆಚ್ಚಾಗಿ ಕಂಡುಬರುವುದು ಮಕ್ಕಳ ಅತಿ ಸಾಮಾನ್ಯ ಕ್ಯಾನ್ಸರ್ ಆದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ. ಮರುಕಳಿಕೆಯ ಅಪಾಯ ಕಡಿಮೆಯಿರುವ ಮಗುವಿಗೆ ಅನಗತ್ಯ ತೀವ್ರ ಔಷಧಿಗಳನ್ನು ತಪ್ಪಿಸುವುದು, ಅಪಾಯ ಹೆಚ್ಚಿರುವ ಮಗುವಿಗೆ ಚಿಕಿತ್ಸೆಯನ್ನು ಬಲಪಡಿಸುವುದು ಇವುಗಳ ಉದ್ದೇಶ.

ರೋಗಪತ್ತೆಯ ಹಂತದ ಸೂಚಕಗಳು

ವಯಸ್ಸು 1ರಿಂದ 10 ವರ್ಷದೊಳಗಿದ್ದು, ಬಿಳಿ ರಕ್ತಕಣಗಳು ಪ್ರತಿ ಮೈಕ್ರೋಲೀಟರಿಗೆ 50,000ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ ಎಂದು ಪರಿಗಣಿಸಲಾಗುತ್ತದೆ. ಲ್ಯುಕೇಮಿಯಾ ಕೋಶಗಳಲ್ಲಿ 50ಕ್ಕೂ ಹೆಚ್ಚು ವರ್ಣತಂತುಗಳಿರುವುದು ಅಥವಾ 12 ಮತ್ತು 21ನೆಯ ವರ್ಣತಂತುಗಳ ನಡುವಿನ ಸ್ಥಾನಪಲ್ಲಟ ಶುಭಸೂಚಕ. 44ಕ್ಕಿಂತ ಕಡಿಮೆ ವರ್ಣತಂತುಗಳು, ಶಿಶುಗಳಲ್ಲಿ ಹೆಚ್ಚಾಗಿ ಕಾಣುವ ಕೆಎಂಟಿ2ಎ ವಂಶವಾಹಿಯ ಮರುಜೋಡಣೆ ಮತ್ತು ಐಕೆಜೆಡ್ಎಫ್1 ವಂಶವಾಹಿಯ ಲೋಪ ಪ್ರತಿಕೂಲ ಸೂಚಕಗಳು. 9 ಮತ್ತು 22ನೆಯ ವರ್ಣತಂತುಗಳ ಸ್ಥಾನಪಲ್ಲಟದಿಂದ ಉಂಟಾಗುವ ಫಿಲಡೆಲ್ಫಿಯಾ ವರ್ಣತಂತು ಹಿಂದೆ ಅತ್ಯಂತ ಪ್ರತಿಕೂಲವೆನಿಸಿತ್ತು. ಇಮ್ಯಾಟಿನಿಬ್‌ನಂತಹ ಔಷಧಿಗಳು ಬಂದ ನಂತರ ಪರಿಸ್ಥಿತಿ ಸುಧಾರಿಸಿದೆ.

ಕನಿಷ್ಠ ಉಳಿಕೆ ರೋಗ

ಅಸ್ಥಿಮಜ್ಜೆಯಲ್ಲಿ ಅಪಕ್ವ ಕೋಶಗಳು ಶೇ. 5ಕ್ಕಿಂತ ಕಡಿಮೆಯಾದರೆ ಸೂಕ್ಷ್ಮದರ್ಶಕದ ದೃಷ್ಟಿಯಲ್ಲಿ ರೋಗ ಶಮನವಾದಂತೆ. ಆದರೆ ಸಾಮಾನ್ಯವಾಗಿ ಕಾಣುವ ಮಜ್ಜೆಯಲ್ಲಿಯೂ ಲ್ಯುಕೇಮಿಯಾ ಕೋಶಗಳು ಉಳಿದಿರಬಹುದು. ಫ್ಲೋ ಸೈಟೊಮೆಟ್ರಿ ಮತ್ತು ಪಿಸಿಆರ್ ವಿಧಾನಗಳು 10,000 ಕೋಶಗಳಲ್ಲಿ ಅಂತಹ 1 ಕೋಶವನ್ನೂ ಗುರುತಿಸಬಲ್ಲವು. ಚಿಕಿತ್ಸೆಯ ಮೊದಲ ಹಂತ ಮುಗಿಯುವಾಗ, ಅಂದರೆ ಸುಮಾರು ಒಂದು ತಿಂಗಳ ನಂತರ, ಈ ಪ್ರಮಾಣ ಶೇ. 0.01 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮರುಕಳಿಕೆಯ ಸಾಧ್ಯತೆ ಹೆಚ್ಚು. ಇದು ಇಂದು ಅತ್ಯಂತ ಪ್ರಬಲ ಸೂಚಕಗಳಲ್ಲೊಂದು.

ಕರ್ನಾಟಕದಲ್ಲಿ

ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ದೀರ್ಘಕಾಲದ ಜ್ವರ, ರಕ್ತಹೀನತೆ, ಕಾರಣವಿಲ್ಲದ ರಕ್ತಸ್ರಾವ ಇರುವ ಮಗುವಿನಲ್ಲಿ ರೋಗದ ಮೊದಲ ಸುಳಿವು ಸಾಮಾನ್ಯ ರಕ್ತಪರೀಕ್ಷೆಯಿಂದಲೇ ದೊರೆಯಬಹುದು. ವರ್ಣತಂತು ಹಾಗೂ ಉಳಿಕೆ ರೋಗದ ಪರೀಕ್ಷೆಗಳಿಗೆ ವಿಶೇಷ ಪ್ರಯೋಗಾಲಯ ಬೇಕು. ಉಳಿಕೆ ರೋಗದ ಪರೀಕ್ಷೆಯ ಫಲಿತಾಂಶಕ್ಕೆ ಅರ್ಥ ಬರುವುದು ಅದು ನಿಗದಿತ ದಿನದಲ್ಲಿ ನಡೆದಾಗ. ಆದ್ದರಿಂದ ದೂರದ ಊರುಗಳ ಕುಟುಂಬಗಳಿಗೆ, ಮಗು ಚೇತರಿಸಿಕೊಂಡಂತೆ ಕಂಡರೂ, ಆ ದಿನದ ಭೇಟಿ ನಿರ್ಣಾಯಕ.

ಮಿತಿಗಳು

ಸೂಚಕಗಳು ಸಾಧ್ಯತೆಯನ್ನಷ್ಟೇ ತಿಳಿಸುತ್ತವೆ. ಕಡಿಮೆ ಅಪಾಯದ ಗುಂಪಿನ ಮಕ್ಕಳಲ್ಲಿಯೂ ರೋಗ ಮರುಕಳಿಸಬಹುದು. ಮಿದುಳು-ಬೆನ್ನುಹುರಿ ಅಥವಾ ವೃಷಣಗಳಲ್ಲಿ ಆಗುವ ಮರುಕಳಿಕೆ ಮಜ್ಜೆಯ ಪರೀಕ್ಷೆಯಲ್ಲಿ ಕಾಣದಿರಬಹುದು. ಆದುದರಿಂದ ಎಲ್ಲ ಮಕ್ಕಳಿಗೂ ಪೂರ್ಣಾವಧಿಯ ಚಿಕಿತ್ಸೆ ಮತ್ತು ನಂತರದ ನಿಗಾ ಅಗತ್ಯ.