ವೈಫೈ ಒಡೆಯನ ಹೊಣೆ ಎಷ್ಟು?

ಗ್ರಂಥವನ್ನಾಗಲಿ, ಹಾಡನ್ನಾಗಲಿ, ಚಲಚ್ಚಿತ್ರವನ್ನಾಗಲಿ ನಿರ್ಮಿಸಿದವನಿಗೆ ಅದರ ಮೇಲೆ ಹಕ್ಕುಂಟು. ಅವನ ಅನುಮತಿಯಿಲ್ಲದೆ ಅದನ್ನು ನಕಲು ಮಾಡಿ ಹಂಚುವುದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ. ವಿವಾದವಿರುವುದು ಬೇರೊಂದು ಪ್ರಶ್ನೆಯಲ್ಲಿ. ಒಬ್ಬನ ಹೆಸರಿನಲ್ಲಿರುವ ಇಂಟರ್ನೆಟ್ ಸಂಪರ್ಕವನ್ನು ಹತ್ತು ಜನರು ಬಳಸುತ್ತಿರುವಾಗ ಅವರಲ್ಲೊಬ್ಬನು ಇಂಥ ಅನ್ಯಾಯವನ್ನೆಸಗಿದರೆ, ಸಂಪರ್ಕದ ಒಡೆಯನು ಅದಕ್ಕೆ ಎಷ್ಟರಮಟ್ಟಿಗೆ ಹೊಣೆಗಾರನು?

ಇದು ದಿಲ್ಲಿ ಬೆಂಗಳೂರುಗಳ ವಕೀಲರಿಗೆ ಮಾತ್ರ ಸೇರಿದ ಚರ್ಚೆಯೆಂದು ರಾಯಚೂರು ಜಿಲ್ಲೆಯ ಮಹಾಜನರು ಭಾವಿಸಬಾರದು. ಸಿಂಧನೂರಿನ ವಸತಿಗೃಹವಿರಲಿ, ಲಿಂಗಸುಗೂರಿನ ಚಹದಂಗಡಿಯಿರಲಿ, ಮಸ್ಕಿಯ ಝೆರಾಕ್ಸ್ ಅಂಗಡಿಯಿರಲಿ, ಎಲ್ಲಿ ಒಂದು ರೂಟರಿನ ಪಾಸ್‌ವರ್ಡನ್ನು ನಾಲ್ವರಿಗೆ ಹೇಳಲಾಗುವುದೋ ಅಲ್ಲೆಲ್ಲ ಈ ಪ್ರಶ್ನೆಯು ಬಾಗಿಲಲ್ಲೇ ನಿಂತಿದೆ. ಅದೂ ಅಲ್ಲದೆ, ಸಣ್ಣ ಅಂಗಡಿಕಾರನು ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕರಿಗೆ ವೈಫೈ ಒದಗಿಸಬಹುದೆಂಬ 'ಪಿಎಂ-ವಾಣಿ' ಯೋಜನೆಗೆ ಕೇಂದ್ರ ಮಂತ್ರಿಮಂಡಲವು 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಹಂಚಿಕೊಳ್ಳಿರೆಂದು ಸರಕಾರವೇ ಹೇಳಿದ ಮೇಲೆ, ಹಂಚಿಕೊಂಡವನ ಗತಿಯೇನೆಂಬುದನ್ನೂ ವಿಚಾರಿಸಬೇಕಾದುದು ನ್ಯಾಯ.

ಸಂಖ್ಯೆಯೇ ಮನುಷ್ಯನಲ್ಲ

ಇಂಥ ಪ್ರಕರಣಗಳಲ್ಲಿ ಹಕ್ಕುದಾರನ ಕೈಗೆ ಮೊದಲು ಸಿಗುವ ಸಾಕ್ಷ್ಯವೆಂದರೆ ಐಪಿ ವಿಳಾಸವೆಂಬ ಒಂದು ಸಂಖ್ಯೆ. ಒಂದು ರೂಟರಿನ ಹಿಂದೆ ಹತ್ತು ಫೋನುಗಳಿದ್ದರೂ ಹೊರಗಿನವರಿಗೆ ಸಾಮಾನ್ಯವಾಗಿ ಕಾಣುವ ಸಂಖ್ಯೆ ಒಂದೇ. ಮೊಬೈಲ್ ಕಂಪನಿಗಳಂತೂ ಒಂದೇ ಸಂಖ್ಯೆಯನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುವುದುಂಟು. ಸಂಖ್ಯೆಯು ಬಾಗಿಲನ್ನು ತೋರಿಸುವುದೇ ಹೊರತು ಬಾಗಿಲಿನಿಂದ ಹೊರಬಿದ್ದವನನ್ನು ತೋರಿಸಲಾರದು.

ಊಹೆಗೂ ನಿರ್ಣಯಕ್ಕೂ ಇರುವ ಈ ಅಂತರವನ್ನು ಮಸ್ಕಿಯವರಿಗೆ ಬೇರೆ ಹೇಳಬೇಕಾಗಿಲ್ಲ. 'ದೇವಾನಾಂಪ್ರಿಯ'ನೆಂಬ ಬಿರುದು ಅನೇಕ ಶಾಸನಗಳಲ್ಲಿದ್ದಿತು. ಅವನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ದೊರೆತಾಗ ಆ ಊಹೆಯು ನಿರ್ಣಯವಾಯಿತು. ಇಂದಿನ ನ್ಯಾಯಾಲಯಗಳಲ್ಲಿಯೋ, ಗುರುತು ತಿಳಿಯದ ಪ್ರತಿವಾದಿಗೆ ಇಡುವ ಕಲ್ಪಿತ ನಾಮವೇ 'ಅಶೋಕ್ ಕುಮಾರ್'! 2012ರಲ್ಲಿ '3' ಎಂಬ ತಮಿಳು ಚಿತ್ರವೇ ಮೊದಲಾದವುಗಳ ರಕ್ಷಣೆಗಾಗಿ ಮದರಾಸು ಹೈಕೋರ್ಟು ಇಂಥ ಆಜ್ಞೆಗಳನ್ನಿತ್ತಾಗ, ಇಂಟರ್ನೆಟ್ ಕಂಪನಿಗಳು ಇಡೀ ಜಾಲತಾಣಗಳನ್ನೇ ಮುಚ್ಚಿದವು. ಆಜ್ಞೆಯು ಕದ್ದ ಪ್ರತಿಯಿರುವ ಪುಟಕ್ಕೆ ಮಾತ್ರ ಅನ್ವಯಿಸುವುದೆಂದು ಅದೇ ನ್ಯಾಯಾಲಯವು ಜೂನ್ ತಿಂಗಳಲ್ಲಿ ಸ್ಪಷ್ಟಪಡಿಸಬೇಕಾಯಿತು. ಹೆಸರಿಲ್ಲದವನ ಮೇಲೆ ಬೀಸಿದ ಬಲೆಯಲ್ಲಿ ನಿರಪರಾಧಿಗಳು ಸಿಲುಕುವುದು ಹೀಗೆ.

ಕಾಯಿದೆ ಹೇಳುವುದೇನು?

1957ರ ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮು ದಂಡಿಸುವುದು, ತಿಳಿದೂ ತಿಳಿದು ಹಕ್ಕನ್ನು ಉಲ್ಲಂಘಿಸಿದವನನ್ನು ಮತ್ತು ಅದಕ್ಕೆ ಕುಮ್ಮಕ್ಕು ಕೊಟ್ಟವನನ್ನು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷಗಳ ಸಜೆ. 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ತನ್ನ ಸ್ಥಳವನ್ನು ಇಂಥ ಕೃತ್ಯಕ್ಕೆ ಬಿಟ್ಟವನೂ ಹೊಣೆಗಾರನೇ. ಆದರೆ ಅವನಿಗೆ ಅದು ತಿಳಿದಿರದಿದ್ದರೆ, ತಿಳಿಯಲು ಸಕಾರಣವೂ ಇರದಿದ್ದರೆ, 51ನೆಯ ಕಲಮು ಅವನನ್ನು ಬಿಡುತ್ತದೆ. ಅರಿವೇ ಅಪರಾಧದ ಬೇರು.

ಹೀಗಿದ್ದರೂ ಅಂಜಿಕೆಗೆ ಕಾರಣವಿಲ್ಲದಿಲ್ಲ. 63ನೆಯ ಕಲಮಿನ ಅಪರಾಧವು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ದೊರೆಯದ ಅಪರಾಧವೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ಕರ್ನಾಟಕದಲ್ಲಿ 1985ರ ಗೂಂಡಾ ಕಾಯಿದೆಯನ್ನು 2014ರಲ್ಲಿ ತಿದ್ದಿ, ವಾಣಿಜ್ಯೋದ್ದೇಶದಿಂದ ಬುದ್ಧಿಪೂರ್ವಕವಾಗಿ ಕೃತಿಸ್ವಾಮ್ಯವನ್ನು ಉಲ್ಲಂಘಿಸುವವರನ್ನೂ ಅದರಲ್ಲಿ ಸೇರಿಸಲಾಯಿತು. ಅದರ ಮೇರೆಗೆ ವಿಚಾರಣೆಯಿಲ್ಲದೆಯೇ ಒಂದು ವರ್ಷದವರೆಗೆ ಸ್ಥಾನಬದ್ಧತೆ ಸಾಧ್ಯ. ಇಷ್ಟು ಹರಿತವಾದ ಅಸ್ತ್ರವನ್ನು ಹಿಡಿದವರು ಬರಿಯ ಒಂದು ಸಂಖ್ಯೆಯನ್ನು ನಂಬಿ ಹೊರಡುವುದು ಎಂದಿಗೂ ತರವಲ್ಲ.

ಪರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಜರ್ಮನಿಯ ಮ್ಯೂನಿಕ್ ಸಮೀಪದ ಅಂಗಡಿಯೊಂದರ ಮುಕ್ತ ವೈಫೈಯಿಂದ ಹಾಡುಗಳು ಅಕ್ರಮವಾಗಿ ಹಂಚಲ್ಪಟ್ಟಿದ್ದವು. ಅಂಗಡಿಯವನು ನಷ್ಟ ತುಂಬಿಕೊಡಬೇಕಾಗಿಲ್ಲ, ಆದರೆ ಪಾಸ್‌ವರ್ಡ್ ಹಾಕಿ ಬಳಸುವವರ ಗುರುತು ಪಡೆಯಬೇಕೆಂದು ಅವನಿಗೆ ಆಜ್ಞಾಪಿಸಬಹುದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2016ರಲ್ಲಿ ಹೇಳಿತು. ಸಂಪರ್ಕವು ಒಬ್ಬನ ಹೆಸರಿನಲ್ಲಿದೆಯೆಂಬುದಷ್ಟೇ ಅವನ ಮೇಲಣ ದಾವೆಗೆ ಸಾಲದೆಂದು ಅಮೆರಿಕೆಯ ಮೇಲ್ಮನವಿ ನ್ಯಾಯಾಲಯವೊಂದು 2018ರಲ್ಲಿ ನಿರ್ಣಯಿಸಿತು.

ಒಡೆಯರಿಗೂ ಅಧಿಕಾರಿಗಳಿಗೂ

ಹಾಗೆಂದು ಒಡೆಯನು ಕೈಕಟ್ಟಿ ಕುಳಿತಿರಬಹುದೆಂದು ನಮ್ಮ ಅಭಿಪ್ರಾಯವಲ್ಲ. 2008ರ ಜುಲೈ ತಿಂಗಳಲ್ಲಿ ಅಹಮದಾಬಾದಿನ ಬಾಂಬು ಸ್ಫೋಟಗಳ ವೇಳೆಗೆ ಬಂದ ಬೆದರಿಕೆಯ ಪತ್ರವು ನವೀ ಮುಂಬಯಿಯ ಮನೆಯೊಂದರ ಭದ್ರವಿಲ್ಲದ ವೈಫೈಯಿಂದ ಹೊರಟಿತ್ತು. ಆಮೇಲೆ, 2009ರಲ್ಲಿ, ವೈಫೈ ಸಂಪರ್ಕಗಳನ್ನು ಭದ್ರಪಡಿಸಬೇಕೆಂದು ದೂರಸಂಪರ್ಕ ಇಲಾಖೆಯು ಸೂಚನೆಯಿತ್ತಿತು. ತೆರೆದ ಬಾಗಿಲಿನಿಂದ ಆಗುವ ಹಾನಿ ಹಾಡು ಸಿನಿಮಾಗಳ ಮಟ್ಟಕ್ಕೇ ನಿಲ್ಲುವುದಿಲ್ಲ. ಆದುದರಿಂದ ಪಾಸ್‌ವರ್ಡ್ ಹಾಕುವುದು, ಅದನ್ನು ಆಗಾಗ್ಗೆ ಬದಲಿಸುವುದು, ಲಿಖಿತ ದೂರು ಬಂದಾಗ ಅಲಕ್ಷ್ಯ ಮಾಡದೆ ಉತ್ತರಿಸುವುದು ಒಡೆಯನ ಕರ್ತವ್ಯ. ಸೈಬರ್ ಕೆಫೆ ನಡೆಸುವವರು ಬಳಸಿದವರ ಗುರುತನ್ನೂ ವೇಳೆಯನ್ನೂ ಬರೆದಿಟ್ಟು, ಆ ದಾಖಲೆಯನ್ನು ಒಂದು ವರ್ಷ ಕಾಪಾಡಬೇಕೆಂದು 2011ರ ನಿಯಮಗಳು ವಿಧಿಸುತ್ತವೆ.

ಇಷ್ಟನ್ನು ಮಾಡಿದವನನ್ನು ಕಾವಲುಗಾರನಾಗೆಂದು ಒತ್ತಾಯಿಸಲಾಗದು. ಯಾರು ಏನನ್ನು ನೋಡುತ್ತಿದ್ದಾರೆಂದು ಇಣುಕುತ್ತಿರುವುದು ಅವನಿಂದ ಆಗುವಂಥದೂ ಅಲ್ಲ, ಆಗತಕ್ಕದ್ದೂ ಅಲ್ಲ. ಪೊಲೀಸು ಅಧಿಕಾರಿಗಳಾದರೂ ರೂಟರು ಕಂಪ್ಯೂಟರುಗಳ ಜಪ್ತಿಗೆ ಮುಂಚೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ: ಕೃತ್ಯವೆಸಗಿದವನು ಯಾರು? ಒಡೆಯನಿಗೆ ಅದು ತಿಳಿದಿದ್ದಿತೇ? ತಿಳಿದ ಮೇಲೆ ಅವನು ಮಾಡಿದ್ದೇನು?

ಈ ವಿವೇಕವಿಲ್ಲದಿದ್ದಲ್ಲಿ ಅಂಗಡಿಕಾರರು ಅಂಜಿ ಸಂಪರ್ಕವನ್ನೇ ಮುಚ್ಚುವರು. ಕಳ್ಳನು ಬೇರೊಂದು ಬಾಗಿಲನ್ನು ಹುಡುಕಿಕೊಂಡಾನು. ನಷ್ಟವಾಗುವುದು ಪರೀಕ್ಷೆಯ ಅರ್ಜಿ ತುಂಬಲು ಹಳ್ಳಿಯಿಂದ ಸಿಂಧನೂರಿಗೆ ಬಂದ ಬಡ ವಿದ್ಯಾರ್ಥಿಗೆ. ಕೃತಿಕಾರನ ಹಕ್ಕನ್ನು ಉಳಿಸುವ ಕಾಯಿದೆಯು ನಿರಪರಾಧಿಯ ಹಕ್ಕನ್ನು ಅಳಿಸದಂತೆ ನೋಡಿಕೊಳ್ಳುವುದೇ ನ್ಯಾಯಪಾಲನೆ.