ವಿದೇಶದ ವೈದ್ಯಶಿಕ್ಷಣ: ವೆಚ್ಚವೆಷ್ಟು, ಫಲವೇನು?

ನೀಟ್ ಪರೀಕ್ಷೆಯ ಫಲಿತಾಂಶ ಬಂದ ವಾರ, ನನ್ನ ಚಿಕಿತ್ಸಾಲಯಕ್ಕೆ ಬರುವ ಕನ್ನಡ ಬಂಧುಗಳಲ್ಲಿ ಕೆಲವರು ಔಷಧಿಯ ಚೀಟಿ ಕೈಗೆ ಬಂದ ಮೇಲೂ ಕುರ್ಚಿಯಿಂದ ಏಳುವುದಿಲ್ಲ. “ಡಾಕ್ಟರೇ, ಮಗಳಿಗೆ ಇಲ್ಲಿ ಸೀಟು ಸಿಗುವಂತಿಲ್ಲ. ಹೊರದೇಶದಲ್ಲಿ ಮೂವತ್ತು ಲಕ್ಷದೊಳಗೆ ಮುಗಿಯುತ್ತದಂತೆ. ಕಳುಹಿಸೋಣವೇ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚಿಕ್ಕದು, ಆದರೆ ಅದರ ಹಿಂದೆ ಒಂದು ಸಂಸಾರದ ಜೀವಮಾನದ ಉಳಿತಾಯವೂ ಒಂದು ಮಗುವಿನ ಹತ್ತು ವರ್ಷಗಳ ಆಯುಸ್ಸೂ ಇರುತ್ತವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರ ಮಾಡುವುದು ಉಚಿತ.

2025ರಲ್ಲಿ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು 22 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅವುಗಳಲ್ಲಿ ಸುಮಾರು ಅರ್ಧ ಮಾತ್ರ ಸರಕಾರಿ ಕಾಲೇಜುಗಳವು. ಖಾಸಗಿ ಕಾಲೇಜುಗಳಲ್ಲಿ ಒಟ್ಟು ವೆಚ್ಚ 60 ಲಕ್ಷದಿಂದ ಒಂದು ಕೋಟಿಯನ್ನೂ ಮೀರುತ್ತದೆ. ರಷ್ಯಾ, ಕಿರ್ಗಿಸ್ತಾನ, ಕಜಾಕಿಸ್ತಾನ, ಜಾರ್ಜಿಯಾ ಮೊದಲಾದ ದೇಶಗಳಲ್ಲಿ ಇದರ ಅರ್ಧಕ್ಕೂ ಕಡಿಮೆ ಹಣದಲ್ಲಿ ವ್ಯಾಸಂಗ ಮುಗಿಸಬಹುದು. ಮಧ್ಯಮವರ್ಗದವರು ಅತ್ತ ನೋಡುವುದರಲ್ಲಿ ಆಶ್ಚರ್ಯವಿಲ್ಲ. ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಕರ್ನಾಟಕದ ಸರಕಾರಿ ಸ್ಥಾನಗಳಿಗೆ ಸಾಮಾನ್ಯವಾಗಿ ಅಲ್ಲಿಯೇ ಹಲವು ವರ್ಷ ಓದಿರಬೇಕು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಬೆಳೆದ ಮಕ್ಕಳು ತಾವು ಓದಿದ ರಾಜ್ಯದ ನಿಯಮಗಳನ್ನು ಮೊದಲು ತಿಳಿಯಬೇಕು. ವಾಸ್ತವ್ಯದ ದಾಖಲೆ ಹೊಂದಿಸಿಕೊಳ್ಳದೆ ಅರ್ಹ ಸೀಟನ್ನೇ ಕಳೆದುಕೊಂಡವರುಂಟು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದೇ. ಪದವಿ ಬೇರೆ, ವೃತ್ತಿ ನಡೆಸುವ ಪರವಾನಗಿ ಬೇರೆ. ನಾವು ಲೆಕ್ಕ ಹಾಕುವುದು ಪದವಿಯ ಬೆಲೆಯನ್ನು. ಮಗುವಿಗೆ ಬೇಕಾದುದು ಪರವಾನಗಿ.

ಹೊರದೇಶದಲ್ಲಿ ಓದಿದವರು ಭಾರತದಲ್ಲಿ ವೈದ್ಯರಾಗಬೇಕಾದರೆ, 2002ರಿಂದ ಜಾರಿಯಲ್ಲಿರುವ, ಎಫ್.ಎಂ.ಜಿ.ಇ. ಎಂದು ಕರೆಯಲಾಗುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವರ್ಷಕ್ಕೆ ಎರಡು ಬಾರಿ ನಡೆಯುವ ಇದರಲ್ಲಿ 300 ಪ್ರಶ್ನೆಗಳಿದ್ದು, 150 ಅಂಕಗಳು ಬರಬೇಕು. ಕೇಳುವುದಕ್ಕೆ ಸುಲಭವೆನಿಸಿದರೂ, ಹೆಚ್ಚಿನ ಬಾರಿ ಉತ್ತೀರ್ಣರಾಗುವವರು ಮೂವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಇದರ ಬದಲಿಗೆ ನೆಕ್ಸ್ಟ್ ಎಂಬ ಪರೀಕ್ಷೆಯನ್ನು ತರಲು 2019ರ ಕಾಯಿದೆ ಅವಕಾಶ ಕೊಟ್ಟಿದೆ. ಅದು ಜಾರಿಗೆ ಬಂದಾಗ ಇಲ್ಲಿ ಓದಿದವರೂ ಅಲ್ಲಿ ಓದಿದವರೂ ಒಂದೇ ಪರೀಕ್ಷೆಗೆ ಕೂರಬೇಕಾಗುತ್ತದೆ.

ಇಷ್ಟು ಜನ ಅನುತ್ತೀರ್ಣರಾಗಲು ಬುದ್ಧಿಯ ಕೊರತೆ ಮಾತ್ರ ಕಾರಣವಲ್ಲ. ವೈದ್ಯವಿದ್ಯೆಯನ್ನು ಕಲಿಸುವ ನಿಜವಾದ ಗುರು ರೋಗಿ. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿರುವವನು ಮಾತನಾಡುವುದು ರಷ್ಯನ್, ಕಿರ್ಗಿಸ್ ಅಥವಾ ಜಾರ್ಜಿಯನ್ ಭಾಷೆಯನ್ನು. “ನೋವು ಎಲ್ಲಿ, ಎಂದಿನಿಂದ?” ಎಂದು ಕೇಳಲಾರದ ವಿದ್ಯಾರ್ಥಿ ಹಾಸಿಗೆಯ ಪಕ್ಕದಲ್ಲಿ ಮೂಕನಾಗಿ ನಿಲ್ಲುತ್ತಾನೆ. ನಮ್ಮಲ್ಲಿ ನಿತ್ಯ ಕಾಣುವ ಡೆಂಗೆ, ಮಲೇರಿಯಾ, ಹಾವಿನ ಕಡಿತ ಮುಂತಾದವು ಆ ಚಳಿದೇಶಗಳ ಆಸ್ಪತ್ರೆಗಳಲ್ಲಿ ಅಪರೂಪ. ಆದ್ದರಿಂದ ಅಲ್ಲಿಗೆ ಹೋಗುವವರು ಮೊದಲ ವರ್ಷದಿಂದಲೇ ಆ ನಾಡಿನ ಭಾಷೆಯನ್ನು ಶ್ರದ್ಧೆಯಿಂದ ಕಲಿಯಬೇಕು.

2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಗಳನ್ನು ಪಾಲಕರು ಓದಲೇಬೇಕು. ವ್ಯಾಸಂಗ ಕನಿಷ್ಠ 54 ತಿಂಗಳದ್ದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ನಡೆಯಬೇಕು, ಆ ಪದವಿಯಿಂದ ಆ ದೇಶದಲ್ಲಿಯೇ ವೃತ್ತಿ ನಡೆಸುವ ಅರ್ಹತೆ ಸಿಗುವಂತಿರಬೇಕು. ಇದಲ್ಲದೆ ಭಾರತದಲ್ಲಿ ಇನ್ನೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ನೀಟ್‌ನಲ್ಲಿ ಅರ್ಹತೆ ಪಡೆಯದೆ ಹೋದವರಿಗೆ ಈ ಬಾಗಿಲು ತೆರೆಯುವುದಿಲ್ಲ. ಆಯೋಗ ಯಾವ ವಿದೇಶಿ ಕಾಲೇಜನ್ನೂ ಶಿಫಾರಸು ಮಾಡುವುದಿಲ್ಲ. “ಆಯೋಗದ ಮಾನ್ಯತೆಯಿದೆ” ಎನ್ನುವ ದಲ್ಲಾಳಿಯ ಮಾತನ್ನು ಒಪ್ಪುವ ಮೊದಲು ನಿಯಮಗಳ ಪ್ರತಿಯೊಂದು ಅಂಶವನ್ನೂ ಕಾಗದದ ಮೇಲೆ ತಾಳೆ ನೋಡಬೇಕು.

ಇನ್ನು ಕಾಲದ ಲೆಕ್ಕ. ಹದಿನೆಂಟಕ್ಕೆ ಹೋದ ವಿದ್ಯಾರ್ಥಿ ಇಪ್ಪತ್ತನಾಲ್ಕಕ್ಕೆ ಮರಳುತ್ತಾನೆ. ಪರೀಕ್ಷೆ ಮೊದಲ ಪ್ರಯತ್ನದಲ್ಲೇ ಆದರೆ, ಇಲ್ಲಿಯ ಇಂಟರ್ನ್‌ಶಿಪ್ ಸೇರಿ, ಇಪ್ಪತ್ತಾರರ ಹೊತ್ತಿಗೆ ನೋಂದಾಯಿತ ವೈದ್ಯನಾಗುತ್ತಾನೆ. ತಜ್ಞನಾಗಬೇಕಾದರೆ ಸ್ನಾತಕೋತ್ತರ ಪ್ರವೇಶಪರೀಕ್ಷೆ ಗೆದ್ದು ಮತ್ತೆ ಮೂರು ವರ್ಷ ಓದಬೇಕು. ನನಗೆ ಪರಿಚಯದ ತರುಣನೊಬ್ಬ ನಾಲ್ಕನೆಯ ಪ್ರಯತ್ನದಲ್ಲಿ ತೇರ್ಗಡೆಯಾದ. ಆ ವೇಳೆಗೆ ತಂದೆ ನಿವೃತ್ತರಾಗಿದ್ದರು, ಬ್ಯಾಂಕಿನ ಸಾಲದ ಕಂತು ಮಾತ್ರ ನಿವೃತ್ತವಾಗಿರಲಿಲ್ಲ. ಶುಲ್ಕ ಡಾಲರಿನಲ್ಲಿದ್ದರೆ ಬೆಲೆಯೂ ನಿಂತಲ್ಲಿ ನಿಲ್ಲದು. 2019ರಲ್ಲಿ ಸುಮಾರು 70 ರೂಪಾಯಿ ಇದ್ದ ಡಾಲರು, ಆ ವರ್ಷ ಸೇರಿದವರು ಮುಗಿಸುವ 2025ರ ಹೊತ್ತಿಗೆ 85 ರೂಪಾಯಿಯನ್ನು ದಾಟಿತ್ತು.

ಅನಿರೀಕ್ಷಿತ ಆಪತ್ತುಗಳನ್ನೂ ಮರೆಯಬಾರದು. 2020ರಲ್ಲಿ ಚೀನಾ ಗಡಿ ಮುಚ್ಚಿದಾಗ ಮನೆಗೆ ಬಂದಿದ್ದ ವಿದ್ಯಾರ್ಥಿಗಳು 2022ರವರೆಗೂ ಆಸ್ಪತ್ರೆಯ ಮುಖ ಕಾಣದೆ ಪರದೆಯ ಮುಂದೆ ಪಾಠ ಕೇಳಿದರು. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಓದನ್ನು ನಡುವೆಯೇ ಬಿಟ್ಟು ಬಂದರು. ಕರ್ನಾಟಕದ ವಿದ್ಯಾರ್ಥಿಯೊಬ್ಬ ಮರಳಿ ಬರಲೇ ಇಲ್ಲ.

ಹಾಗಾದರೆ ಹೋಗಲೇಬಾರದೇ? ಹಾಗಲ್ಲ. ಅಲ್ಲಿ ಓದಿ ಬಂದು ಉತ್ತಮ ವೈದ್ಯರಾದವರು ನಮ್ಮ ನಡುವೆಯೇ ಇದ್ದಾರೆ. ಆದರೆ ಲೆಕ್ಕವನ್ನು ಕೊನೆಯಿಂದ ಆರಂಭಿಸಬೇಕು. ಮಗು ಮುಂದೆ ಎಲ್ಲಿ, ಯಾವ ಬಗೆಯ ವೈದ್ಯನಾಗಬಯಸುತ್ತದೆ? ಭಾರತದಲ್ಲಿ ಎಂದಾದರೆ 2021ರ ನಿಯಮಗಳೇ ಒರೆಗಲ್ಲು; ಓದಿನ ಜೊತೆಗೇ ಇಲ್ಲಿಯ ಪರೀಕ್ಷೆಯ ಸಿದ್ಧತೆಯೂ ನಡೆಯಬೇಕು. ಅಮೆರಿಕ ಎಂದಾದರೆ ಆ ಕಾಲೇಜಿನ ಪದವೀಧರರಿಗೆ ಅಲ್ಲಿಯ ಯು.ಎಸ್.ಎಂ.ಎಲ್.ಇ. ಪರೀಕ್ಷೆಗೆ ಕೂರುವ ಅರ್ಹತೆಯುಂಟೇ ಎಂದು ಮೊದಲೇ ನೋಡಬೇಕು. ಬ್ರಿಟನ್ ಎಂದಾದರೆ ಪ್ಲಾಬ್ ಪರೀಕ್ಷೆಯ ನಂತರವೂ ಉದ್ಯೋಗಕ್ಕೆ ಪೈಪೋಟಿ ಬಹಳ. ಜರ್ಮನಿಗಾದರೆ ಜರ್ಮನ್ ಭಾಷೆಯಲ್ಲಿಯೇ ರೋಗಿಯೊಡನೆ ವ್ಯವಹರಿಸುವ ಪ್ರೌಢಿಮೆ ಬೇಕು. ಗುರಿ ಬದಲಾದರೆ ಅಗ್ಗದ ಪದವಿಯ ಅರ್ಥವೂ ಬದಲಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ಹಾಸಿಗೆಯೆಂದರೆ ಆರು ವರ್ಷದ ಶುಲ್ಕ ಮಾತ್ರವಲ್ಲ. ಮರಳಿದ ಮೇಲೆ ಗಳಿಕೆಯಿಲ್ಲದೆ ಕಳೆಯಬೇಕಾದ ಎರಡು ಮೂರು ವರ್ಷಗಳ ಖರ್ಚೂ ಸೇರಿದೆ. ಅದನ್ನೂ ತೆಗೆದಿರಿಸಬಲ್ಲವರು ಧೈರ್ಯವಾಗಿ ಕಳುಹಿಸಲಿ. ಆಗದವರು ಇನ್ನೊಂದು ವರ್ಷ ನೀಟ್ ಬರೆಸುವುದನ್ನೋ, ಶುಶ್ರೂಷೆ, ಫಿಸಿಯೋಥೆರಪಿ, ಔಷಧಶಾಸ್ತ್ರಗಳಂಥ ಗೌರವದ ದಾರಿಗಳನ್ನೋ ಯೋಚಿಸಲಿ. ಎಲ್ಲಕ್ಕಿಂತ ಮೊದಲು ಮಗುವನ್ನೇ ಹತ್ತಿರ ಕೂರಿಸಿಕೊಂಡು ಕೇಳಿರಿ: ವೈದ್ಯನಾಗುವ ಆಸೆ ಯಾರದು, ನಿನ್ನದೋ ನಮ್ಮದೋ? ಆ ಉತ್ತರ ಸಿಕ್ಕಿದ ಮೇಲೆ ಹಣದ ಲೆಕ್ಕ ಅಷ್ಟು ಕಷ್ಟವಾಗದು.